ಮಕ್ಕಳಿಗೆ ‘ಒಪ್ಪಿಗೆ’ ಕಲಿಸುವುದು ಹೇಗೆ? ಮಗು ಬಂದು ಹೇಳಿಕೊಂಡರೆ ಮೊದಲು ಮಾಡಬೇಕಾದ್ದೇನು?

“ಗುಡ್ ಟಚ್, ಬ್ಯಾಡ್ ಟಚ್ ಎಲ್ಲಾ ಹೇಳಿಕೊಟ್ಟಿದ್ವಿ ಮೇಡಂ. ಆದ್ರೂ ಅವಳು ವರ್ಷಗಟ್ಟಲೆ ಬಾಯೇ ಬಿಡಲಿಲ್ಲ.”

ಪೋಷಕರ ಸಭೆಗಳಲ್ಲಿ ಈ ಮಾತು ಪದೇ ಪದೇ ಕೇಳಿದ್ದೇನೆ. ಹೇಳಿಕೊಟ್ಟದ್ದು ಸುಳ್ಳಲ್ಲ. ಶಾಲೆಯಲ್ಲಿ ಒಂದು ಗಂಟೆಯ ಕ್ಲಾಸ್ ಆಗಿರುತ್ತದೆ, ಮನೆಯಲ್ಲಿ ಒಂದು ವಿಡಿಯೊ ತೋರಿಸಿರುತ್ತಾರೆ. ಅದೇ ವಾರ ಮದುವೆಮನೆಯಲ್ಲಿ “ಹೋಗು ಪುಟ್ಟಿ, ಮಾವನ ತೊಡೆ ಮೇಲೆ ಕೂತ್ಕೋ, ಇಲ್ದಿದ್ರೆ ಬೇಜಾರು ಮಾಡ್ಕೋತಾರೆ” ಅಂತ ತಳ್ಳಿಯೂ ಇರುತ್ತಾರೆ. ವಿಡಿಯೊ ನೋಡಿದ್ದು ಒಂದು ಸಲ. ತಳ್ಳಿಸಿಕೊಂಡದ್ದು ಎಷ್ಟು ಸಲವೋ.

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ ಅಧ್ಯಯನದಲ್ಲಿ, ಮಾತಾಡಿಸಿದ ಮಕ್ಕಳ ಪೈಕಿ ಶೇ. 53ರಷ್ಟು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಅಂದಿದ್ದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ತುಸು ಜಾಸ್ತಿಯೇ ಗಂಡುಮಕ್ಕಳು. ಹೆಚ್ಚಿನ ಮಕ್ಕಳು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ನಾವು ಸೋಲುತ್ತಿರುವುದು ಇಲ್ಲೇ. ಮಗುವಿಗೆ ‘ಬೇಡ’ ಅನ್ನುವ ಪದ ಗೊತ್ತಿದೆ, ಅದನ್ನು ಹೇಳಿದರೆ ನಡೆಯುತ್ತದೆ ಅನ್ನುವ ನಂಬಿಕೆ ಇಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹೆಚ್ಚಿನವರು ನೇರ ಮೂರನೆಯ ಹಂತಕ್ಕೆ ಹಾರುತ್ತಾರೆ. ನಿಮ್ಮ ಮನೆಯಲ್ಲಿ ಈಗಾಗಲೇ ಏನಾದರೂ ನಡೆದಿದ್ದರೆ ಮಾತ್ರ ಉಳಿದದ್ದೆಲ್ಲ ಬಿಟ್ಟು ಏಳನೆಯ ಹಂತಕ್ಕೆ ಹೋಗಿ.

ಶುರು ಮಾಡುವ ಮೊದಲು ಬೇಕಾದ್ದು

ಖರ್ಚೇನೂ ಇಲ್ಲ. ವಾರಕ್ಕೆ ಹತ್ತು ನಿಮಿಷ ಸಾಕು. ಸ್ನಾನ ಮಾಡಿಸುವಾಗ, ಸ್ಕೂಟರ್‌ನಲ್ಲಿ ಹೋಗುವಾಗ, ಅವರೆಕಾಳು ಬಿಡಿಸುವಾಗ ಮಾತಾಡಿ. ಎದುರು ಕೂರಿಸಿಕೊಂಡು “ಒಂದು ಮುಖ್ಯ ವಿಷಯ ಹೇಳ್ಬೇಕು” ಅಂದರೆ ಮಗುವಿಗೆ ಮೊದಲೇ ಹೆದರಿಕೆ.

ಒಂದು ಕಾಗದದ ಮೇಲೆ ದೊಡ್ಡದಾಗಿ 1098 ಮತ್ತು 112 ಬರೆದು ಫ್ರಿಡ್ಜ್ ಮೇಲೆ ಅಂಟಿಸಿ. ಮೊದಲನೆಯದು ಮಕ್ಕಳ ಸಹಾಯವಾಣಿ, ಎರಡನೆಯದು ತುರ್ತು ಸೇವೆ.

ಇನ್ನೊಂದು ತಯಾರಿ ಸ್ವಲ್ಪ ಕಷ್ಟದ್ದು. ಮನೆಯ ದೊಡ್ಡವರೆಲ್ಲ ಒಂದೇ ಮಾತಿಗೆ ಬರಬೇಕು. ಅಪ್ಪ ಅಮ್ಮ ಹೇಳಿದ್ದನ್ನು ಅಜ್ಜಿ “ಅಯ್ಯೋ, ಮನೆಯವರ ಹತ್ರ ಎಂಥ ನಾಚಿಕೆ” ಅಂತ ಅಳಿಸಿಹಾಕಿದರೆ ಇಡೀ ಕೆಲಸ ನೀರುಪಾಲು. ಅಜ್ಜಿಗೆ ಬೈಯಬೇಡಿ, ವಿಷಯ ಬಿಡಿಸಿ ಹೇಳಿ. ಎಷ್ಟೋ ಅಜ್ಜಿಯರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರ ಕಾಲದಲ್ಲಿ ಅವರನ್ನು ಕೇಳಿದವರಿರಲಿಲ್ಲ, ಅಷ್ಟೇ.

ಹಂತ 1: ದೇಹದ ಅಂಗಗಳಿಗೆ ಹೆಸರು ಕೊಡಿ

ಎರಡು ಮೂರು ವರ್ಷದಿಂದಲೇ ಆಗುವ ಕೆಲಸ ಇದು. ಕಣ್ಣು, ಮೂಗು, ಹೊಟ್ಟೆ ಹೇಳಿಕೊಟ್ಟ ಹಾಗೆಯೇ ಎದೆ, ಕುಂಡಿ, ಶಿಶ್ನ, ಯೋನಿ ಅಂತಲೂ ಹೇಳಿಕೊಡಿ. ಮನೆಯಲ್ಲಿ ಮುದ್ದಿನ ಹೆಸರು ಇದ್ದರೆ ಇರಲಿ, ಆದರೆ ನಿಜವಾದ ಹೆಸರೂ ಮಗುವಿಗೆ ಗೊತ್ತಿರಬೇಕು.

ಯಾಕೆ ಅಂದರೆ, ಮಗು ಹೋಗಿ ಟೀಚರ್ ಹತ್ತಿರ “ಅಂಕಲ್ ನನ್ನ ಗುಬ್ಬಿ ಮುಟ್ಟಿದ್ರು” ಅಂದರೆ ಟೀಚರ್ “ಹೌದಾ, ಗುಬ್ಬಿ ಸಾಕಿದ್ದೀಯಾ?” ಅಂತ ನಕ್ಕು ಮುಂದೆ ಹೋಗುತ್ತಾರೆ. ಮಗು ಹೇಳಿತ್ತು. ಕೇಳಿದವರಿಗೆ ಅರ್ಥ ಆಗಲಿಲ್ಲ. ಅಂಥ ಮಗು ಎರಡನೇ ಸಲ ಹೇಳುವುದು ಕಡಿಮೆ.

ಸಾಮಾನ್ಯ ತಪ್ಪು: ಆ ಭಾಗಕ್ಕೆ “ಛೀ ಛೀ ಜಾಗ” ಅನ್ನುವುದು. ಅದು ಕೊಳಕು ಅಂತ ಮಗು ನಂಬಿದರೆ, ಅಲ್ಲಿ ಏನಾದರೂ ಆದಾಗ ತಾನೇ ಕೊಳಕು ಅಂದುಕೊಳ್ಳುತ್ತದೆ. ‘ಖಾಸಗಿ ಭಾಗ’ ಅನ್ನಿ, ಸಾಕು.

ಹಂತ 2: ಮನೆಯಲ್ಲಿ ‘ಬೇಡ’ಕ್ಕೆ ಬೆಲೆ ಕೊಡಿ

ಇಲ್ಲಿ ಅವಸರ ಬೇಡ. ಕನಿಷ್ಠ ಒಂದೆರಡು ತಿಂಗಳು ಇದೇ ಹಂತದಲ್ಲಿರಿ.

ಕಚಗುಳಿಯಿಂದ ಶುರು ಮಾಡಿ. ನಿಯಮ ಒಂದೇ: “ಸಾಕು” ಅಂದ ತಕ್ಷಣ ಕೈ ತೆಗೆಯಬೇಕು. ಮಗು ನಗುತ್ತಾ “ಸಾಕು” ಅಂದರೂ ಸರಿ, ನಿಲ್ಲಿಸಿ. ಇನ್ನೂ ಬೇಕಿದ್ದರೆ ಅದೇ “ಇನ್ನೊಂದ್ಸಲ” ಅಂತ ಬರುತ್ತದೆ. ಕಚಗುಳಿಗೆ ಮೈ ತಾನಾಗಿ ನಗುತ್ತದೆ. ನಕ್ಕಿತು ಅಂದ ಮಾತ್ರಕ್ಕೆ ಒಪ್ಪಿತು ಅಂತ ಅಲ್ಲ. ಈ ಸೂಕ್ಷ್ಮ ನಾಲ್ಕು ವರ್ಷದ ಮಗುವಿಗೆ ಆಟದಲ್ಲೇ ಅರ್ಥವಾಗುತ್ತದೆ. ಇಪ್ಪತ್ತನೇ ವಯಸ್ಸಿನಲ್ಲಿ ಭಾಷಣ ಮಾಡಿ ಹೇಳಿದರೂ ಕೆಲವರ ತಲೆಗೆ ಹೋಗುವುದಿಲ್ಲ.

ಆಮೇಲೆ ನೆಂಟರು. ಹಬ್ಬಕ್ಕೆ ಬಂದವರು ಕೆನ್ನೆ ಹಿಂಡುತ್ತಾರೆ, ಎತ್ತಿಕೊಳ್ಳುತ್ತಾರೆ, ಮುತ್ತು ಕೇಳುತ್ತಾರೆ. ಮಗು ಹಿಂದೆ ಸರಿದರೆ ಎಲ್ಲರೂ ಸೇರಿ ಅದನ್ನು ಒಪ್ಪಿಸಲು ನೋಡುತ್ತಾರೆ. ಅಲ್ಲಿ ನೀವು ಮಧ್ಯೆ ಬರಬೇಕು. ಜಗಳ ಬೇಡ. “ಅವಳಿಗೆ ಈಗ ಬೇಡ್ವಂತೆ ಚಿಕ್ಕಪ್ಪ. ನಮಸ್ಕಾರ ಮಾಡ್ತಾಳೆ, ಅಲ್ವಾ ಪುಟ್ಟಿ?” ಅಂದರೆ ಮುಗಿಯಿತು. ನಮ್ಮಲ್ಲಿ ಮೈಮುಟ್ಟದೆ ಗೌರವ ತೋರಿಸಲು ಕೈಮುಗಿಯುವುದು ಇದೆಯಲ್ಲ, ಅದನ್ನೇ ಬಳಸಿಕೊಳ್ಳಿ. ಬೇಜಾರು ಮಾಡಿಕೊಳ್ಳುವವರು ಒಂದು ದಿನ ಮಾಡಿಕೊಳ್ಳಲಿ.

ಎಣ್ಣೆ ಹಚ್ಚುವಾಗ, ಸ್ನಾನ ಮಾಡಿಸುವಾಗ “ಈಗ ಬೆನ್ನು ಉಜ್ತೀನಿ, ಆಯ್ತಾ?” ಅಂತ ಹೇಳಿ ಮುಟ್ಟಿ. ನಾಲ್ಕೈದು ವರ್ಷ ಆದ ಮೇಲೆ ಖಾಸಗಿ ಭಾಗವನ್ನು ಮಗುವೇ ತೊಳೆದುಕೊಳ್ಳಲು ಕಲಿಯಲಿ.

ಇಲ್ಲೊಂದು ಪ್ರಶ್ನೆ ಬಂದೇ ಬರುತ್ತದೆ: “ಹಾಗಾದ್ರೆ ಹಲ್ಲುಜ್ಜು ಅಂದ್ರೂ ಬೇಡ ಅಂತಾನಲ್ಲ?” ಹಲ್ಲುಜ್ಜುವುದು, ಲಸಿಕೆ, ರಸ್ತೆ ದಾಟುವಾಗ ಕೈ ಹಿಡಿಯುವುದು ಆರೋಗ್ಯ ಮತ್ತು ಸುರಕ್ಷತೆಯ ಮಾತು. ಅಲ್ಲಿ ಮಗುವಿನ ‘ಬೇಡ’ ನಡೆಯುವುದಿಲ್ಲ, ಆದರೆ ಕಾರಣ ಹೇಳಬೇಕು. ಮುದ್ದು, ಅಪ್ಪುಗೆ, ಆಟ ಇವೆಲ್ಲ ಖುಷಿಯ ಮಾತು. ಅಲ್ಲಿ ನಡೆಯಲೇಬೇಕು. ಎರಡನ್ನೂ ಕಲಸಿ “ದೊಡ್ಡವರು ಹೇಳಿದ್ದೆಲ್ಲ ಕೇಳ್ಬೇಕು” ಅಂತ ಕಲಿಸಿದರೆ, ಮುಂದೆ ಯಾವನೋ ದೊಡ್ಡವನು ಬಂದು ಹೇಳಿದ್ದನ್ನೂ ಮಗು ಕೇಳುತ್ತದೆ.

ಹಂತ 3: ಸುರಕ್ಷತೆಯ ನಿಯಮ ಹೇಳಿ

ಈಗ ಆ ಟಚ್ ಪಾಠ. ಆದರೆ ‘ಗುಡ್, ಬ್ಯಾಡ್’ ಅನ್ನುವ ಪದಗಳಲ್ಲೇ ಒಂದು ತೊಡಕಿದೆ. ದೌರ್ಜನ್ಯ ಮಾಡುವವರು ಎಷ್ಟೋ ಸಲ ನೋವಾಗದ ಹಾಗೆ, ಮುದ್ದು ಮಾಡಿದ ಹಾಗೆ ಮುಟ್ಟುತ್ತಾರೆ. ಚಾಕೊಲೇಟ್ ಕೊಟ್ಟು, ಫೋನ್ ಕೊಟ್ಟು ಹತ್ತಿರ ಆಗಿರುತ್ತಾರೆ. ಮಗುವಿಗೆ ಅದು ‘ಬ್ಯಾಡ್’ ಅನ್ನಿಸುವುದೇ ಇಲ್ಲ. ಇತ್ತ ಡಾಕ್ಟರ್ ಇಂಜೆಕ್ಷನ್ ಕೊಟ್ಟರೆ ‘ಬ್ಯಾಡ್’ ಅನ್ನಿಸುತ್ತದೆ.

ಹಾಗಾಗಿ ಅನ್ನಿಸಿಕೆಯನ್ನು ಬಿಟ್ಟು ನಿಯಮ ಹೇಳಿ: “ಚಡ್ಡಿ, ಬನಿಯನ್ ಮುಚ್ಚುವ ಜಾಗವನ್ನು ಯಾರೂ ನೋಡಬಾರದು, ಮುಟ್ಟಬಾರದು, ಫೋಟೊ ತೆಗೆಯಬಾರದು. ಅವರದನ್ನು ನಿನಗೆ ತೋರಿಸಬಾರದು, ಮುಟ್ಟು ಅನ್ನಬಾರದು. ಚಿಕ್ಕವನಿದ್ದಾಗ ತೊಳೆಸುವುದಕ್ಕೆ, ಹುಷಾರಿಲ್ಲದಾಗ ಡಾಕ್ಟರ್ ನೋಡುವುದಕ್ಕೆ ಮಾತ್ರ ಮುಟ್ಟಬಹುದು. ಡಾಕ್ಟರ್ ನೋಡುವಾಗ ಅಮ್ಮನೋ ಅಪ್ಪನೋ ಪಕ್ಕದಲ್ಲಿ ಇರ್ತೀವಿ.”

‘ಯಾರೂ’ ಅಂದಾಗ ಹೆಸರು ಹೇಳಿ. ಅಣ್ಣ, ಮಾವ, ತಾತ, ಟ್ಯೂಷನ್ ಸರ್, ವ್ಯಾನ್ ಅಂಕಲ್, ಪಕ್ಕದ ಮನೆ ಅಕ್ಕ. ಅಪರಿಚಿತರ ಬಗ್ಗೆ ಮಾತ್ರ ಎಚ್ಚರಿಸಿ ಬಿಡುವುದು ತುಂಬಾ ದೊಡ್ಡ ತಪ್ಪು. ಪೊಲೀಸ್ ದಾಖಲೆಗೆ ಬರುವ ಅತ್ಯಾಚಾರ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಗುರುತಿನವರೇ ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿ ವರ್ಷ ವರ್ಷವೂ ಹೇಳುತ್ತಿದೆ.

ಜೊತೆಗೆ ಗುಟ್ಟಿನ ನಿಯಮ. ಅಪ್ಪನ ಹುಟ್ಟುಹಬ್ಬಕ್ಕೆ ಕೇಕ್ ತಂದದ್ದು ಸರ್‌ಪ್ರೈಸ್, ಅದು ನಾಳೆ ಎಲ್ಲರಿಗೂ ಗೊತ್ತಾಗುತ್ತದೆ. “ಅಮ್ಮನಿಗೆ ಯಾವತ್ತೂ ಹೇಳ್ಬೇಡ” ಅಂತ ದೊಡ್ಡವರು ಹೇಳಿದರೆ ಅದು ಗುಟ್ಟು, ಅದನ್ನು ಅವತ್ತೇ ಹೇಳಬೇಕು. ಹೇಳಬಹುದಾದ ಮೂವರ ಹೆಸರನ್ನು ಮಗುವಿನಿಂದಲೇ ಕೇಳಿ. ಒಬ್ಬರಾದರೂ ಮನೆಯ ಹೊರಗಿನವರಿರಲಿ. ನಿಮ್ಮ ಹೆಸರು ಆ ಪಟ್ಟಿಯಲ್ಲಿ ಬರದಿದ್ದರೆ ಮುನಿಸಿಕೊಳ್ಳಬೇಡಿ, ಯಾಕೆ ಅಂತ ಯೋಚಿಸಿ.

“ಕಿರುಚು, ಓಡು” ಅಂತ ಕಲಿಸಿ, ಆದರೆ ಅದರ ಜೊತೆಗೇ “ಕಿರುಚೋಕೆ ಆಗದೇ ಇದ್ರೂ ತಪ್ಪು ನಿಂದಲ್ಲ” ಅಂತಲೂ ಹೇಳಿ. ಹೆದರಿದಾಗ ಮೈ ಮರಗಟ್ಟುವುದು ಸಹಜ, ದೊಡ್ಡವರಿಗೂ ಆಗುತ್ತದೆ. ಬರೀ ಕಿರುಚಲು ಕಲಿತ ಮಗು, ಕಿರುಚಲಾಗದೆ ಹೋದಾಗ ತಾನೇ ತಪ್ಪು ಮಾಡಿದೆ ಅಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ.

ಹಂತ 4: ‘ಬೇಡ’ ಕೇಳಿಸಿಕೊಳ್ಳಲು ಕಲಿಸಿ

ಮೂರನೆಯ ಹಂತಕ್ಕೆ ನಿಲ್ಲಿಸುವವರು ಅರ್ಧ ಕೆಲಸ ಮಾಡಿದ ಹಾಗೆ. ತಪ್ಪಿಸಿಕೊಳ್ಳುವುದನ್ನು ಕಲಿಸಿದೆವು, ಮಾಡದೇ ಇರುವುದನ್ನು ಯಾರು ಕಲಿಸಬೇಕು? ಹೆಣ್ಣುಮಕ್ಕಳ ಅಪ್ಪ ಅಮ್ಮ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಗಂಡುಮಕ್ಕಳ ಅಪ್ಪ ಅಮ್ಮ ಬರುವುದು ಶಾಲೆಯಿಂದ ಫೋನ್ ಹೋದ ಮೇಲೆ.

ತಂಗಿಯ ಜಡೆ ಎಳೆದಾಗ “ಸುಮ್ನೆ ತಮಾಷೆಗೆ” ಅಂದರೆ ಬಿಡಬೇಡಿ. ಕೇಳಬೇಕಾದ ಪ್ರಶ್ನೆ ಒಂದೇ: “ಅವಳೂ ನಗ್ತಿದ್ಲಾ?” ಇಬ್ಬರೂ ನಕ್ಕರೆ ತಮಾಷೆ. ಒಬ್ಬರೇ ನಕ್ಕರೆ ಅಲ್ಲ.

ಮಕ್ಕಳಿಗೆ ಹೇಳಿಕೊಡಬೇಕಾದದ್ದು ಇಷ್ಟು. ಮುಟ್ಟುವ ಮೊದಲು, ವಸ್ತು ತೆಗೆದುಕೊಳ್ಳುವ ಮೊದಲು, ಫೋಟೊ ಹಾಕುವ ಮೊದಲು ಕೇಳು. ಸುಮ್ಮನಿದ್ದರೆ ಅದು ಹೂಂ ಅಲ್ಲ. ಹೆದರಿ ಹೂಂ ಅಂದರೂ ಹೂಂ ಅಲ್ಲ. ಒಂದು ಸಲ ಹೂಂ ಅಂದವರು ಆಮೇಲೆ ಬೇಡ ಅನ್ನಬಹುದು. ನಿನ್ನೆಯ ಹೂಂ ಇವತ್ತಿಗೆ ಬರುವುದಿಲ್ಲ. ‘ಬೇಡ’ ಅಂದಾಗ ಬೇಜಾರಾಗುತ್ತದೆ, ಆಗಲಿ. ಆ ಬೇಜಾರನ್ನು ಎದುರಿನವರ ಮೇಲೆ ತೀರಿಸಿಕೊಳ್ಳುವ ಹಾಗಿಲ್ಲ.

ಕೊನೆಯದನ್ನು ಅಭ್ಯಾಸ ಮಾಡಿಸಿ. “ಸೈಕಲ್ ಕೊಡ್ತೀಯಾ?” “ಇಲ್ಲ.” “ಸರಿ.” ಈ ಮೂರು ಮಾತಿನ ಸಂಭಾಷಣೆಯನ್ನು ಅಳದೆ ಮುಗಿಸಲು ಐದು ವರ್ಷದವನಿಗೆ ಎಷ್ಟು ಕಷ್ಟ ಅಂತ ನೋಡಿ. ಅಮ್ಮನ ‘ಇಲ್ಲ’ವನ್ನು ಅಪ್ಪ ಹೇಗೆ ತೆಗೆದುಕೊಳ್ಳುತ್ತಾನೆ ಅನ್ನುವುದನ್ನೂ ಅವನು ನೋಡುತ್ತಿರುತ್ತಾನೆ.

ಹಂತ 5: ಹದಿಹರೆಯದವರಿಗೆ ಕಾನೂನು ಬಿಡಿಸಿ ಹೇಳಿ

ಹನ್ನೆರಡು ದಾಟಿದ ಮೇಲೆ ಉಪದೇಶ ಕೆಲಸ ಮಾಡುವುದಿಲ್ಲ, ಮಾಹಿತಿ ಮಾಡುತ್ತದೆ.

ಒಂದು, ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆ. 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. 18 ತುಂಬದ ಹುಡುಗ ಹುಡುಗಿ ಇಬ್ಬರನ್ನೂ ಇದು ಮಕ್ಕಳೆಂದೇ ನೋಡುತ್ತದೆ. ಲೈಂಗಿಕ ಸಂಪರ್ಕಕ್ಕೆ ಅವರ ಒಪ್ಪಿಗೆ ಇತ್ತು ಅನ್ನುವ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ಹದಿನೇಳರ ಹುಡುಗಿಯೂ ಹತ್ತೊಂಬತ್ತರ ಹುಡುಗನೂ ಪ್ರೀತಿಸಿ ಹತ್ತಿರವಾದರೂ ಹುಡುಗನ ಮೇಲೆ ಕೇಸು ಆಗಬಹುದು. ಇದು ಸರಿಯೇ ಅಂತ ವಾದ ಮಾಡಬಹುದು. ಮಕ್ಕಳಿಗೆ ಗೊತ್ತಿಲ್ಲದೇ ಇರುವುದು ಮಾತ್ರ ಸರಿಯಲ್ಲ.

ಎರಡು, ದೊಡ್ಡವರ ನಡುವಿನ ಒಪ್ಪಿಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ ಪ್ರಕಾರ, ಒಪ್ಪಿಗೆ ಅಂದರೆ ಮಾತಿನಿಂದಲೋ ಸನ್ನೆಯಿಂದಲೋ ಸ್ಪಷ್ಟವಾಗಿ, ಸ್ವಇಚ್ಛೆಯಿಂದ ತೋರಿಸಿದ ಸಮ್ಮತಿ. ಮೈಬಲದಿಂದ ತಡೆಯಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿದಳು ಅಂತ ಆಗುವುದಿಲ್ಲ. “ಕಿರುಚಲಿಲ್ಲ ಯಾಕೆ?” ಅಂತ ಕೇಳುವವರು ಈ ಸಾಲು ಓದಬೇಕು.

ಮೂರು, ಫೋನ್. 18 ತುಂಬದವರ ಬೆತ್ತಲೆ ಫೋಟೊ, ವಿಡಿಯೊ ಹಂಚುವುದು ಐಟಿ ಕಾಯ್ದೆಯಲ್ಲೂ ಅಪರಾಧ. ಬಂದದ್ದನ್ನು ಫಾರ್ವರ್ಡ್ ಮಾಡಿದವರೂ ಸಿಕ್ಕಿಬೀಳುತ್ತಾರೆ. ಯಾರಾದರೂ ಫೋಟೊ ಇಟ್ಟುಕೊಂಡು ಹೆದರಿಸಿದರೆ, “ನೀನು ಕಳಿಸಿದ್ದು ಯಾಕೆ ಅಂತ ಬೈಯಲ್ಲ, ಮೊದಲು ನನಗೆ ಹೇಳು” ಅಂತ ಇವತ್ತೇ ಮಾತು ಕೊಟ್ಟಿಡಿ. ಮಕ್ಕಳು ಬ್ಲ್ಯಾಕ್‌ಮೇಲ್‌ಗಿಂತ ಅಪ್ಪನಿಗೆ ಗೊತ್ತಾಗುವುದಕ್ಕೆ ಜಾಸ್ತಿ ಹೆದರುತ್ತಾರೆ.

ಹಂತ 6: ಎಚ್ಚರಿಕೆಯ ಗುರುತುಗಳು

ಮಗುವಿನಲ್ಲಿ: ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು, ಒಬ್ಬ ವ್ಯಕ್ತಿಯ ಅಥವಾ ಒಂದು ಮನೆಯ ಹೆಸರೆತ್ತಿದರೆ ಹೊಟ್ಟೆನೋವು ಅನ್ನುವುದು, ಬಟ್ಟೆ ಬಿಚ್ಚಲು ಇದ್ದಕ್ಕಿದ್ದಂತೆ ಹಿಂಜರಿಕೆ, ಮೂತ್ರ ಮಾಡುವಾಗ ಉರಿ ಅಥವಾ ಅಲ್ಲಿ ಗಾಯ, ವಯಸ್ಸಿಗೆ ಮೀರಿದ ಲೈಂಗಿಕ ಮಾತು ಅಥವಾ ಆಟ, ಎಲ್ಲಿಂದ ಬಂತೋ ತಿಳಿಯದ ಉಡುಗೊರೆಗಳು. ಇವು ಯಾವುವೂ ಪುರಾವೆ ಅಲ್ಲ, ಪರೀಕ್ಷೆ ಹತ್ತಿರ ಬಂದರೂ ಹೊಟ್ಟೆನೋವು ಬರುತ್ತದೆ. ಆದರೆ ಎರಡು ಮೂರು ಒಟ್ಟಿಗೆ ಕಂಡರೆ ಗಮನ ಕೊಡಿ.

ದೊಡ್ಡವರಲ್ಲಿ: ಮಗುವಿನೊಂದಿಗೆ ಒಬ್ಬರೇ ಇರಲು ನೆಪ ಹುಡುಕುವುದು, ನೀವು ಬೇಡ ಅಂದದ್ದನ್ನು ಕದ್ದು ಕೊಡಿಸುವುದು, ಮಗು ಬೇಡ ಅಂದರೂ ಮುಟ್ಟುತ್ತಲೇ ಇರುವುದು, ನೀವು ತಡೆದಾಗ “ನನ್ನ ಮೇಲೇ ಅನುಮಾನನಾ?” ಅಂತ ರೇಗುವುದು. ಸರಿಯಾದವರು ಇಂಥ ಕಡೆ “ಓ, ಸರಿ” ಅಂತ ಕೈ ಹಿಂದೆ ತೆಗೆದುಕೊಳ್ಳುತ್ತಾರೆ.

ಹಂತ 7: ಮಗು ಹೇಳಿಕೊಂಡಾಗ

ಮೊದಲ ಹತ್ತು ನಿಮಿಷ. ಮಗು ಬಂದು ಹೇಳಿತು. ನಿಮ್ಮ ಕೈಕಾಲು ನಡುಗುತ್ತಿರುತ್ತದೆ. ಮುಖದಲ್ಲಿ ತೋರಿಸಬೇಡಿ. ಮಗುವಿನ ಮಟ್ಟಕ್ಕೆ ಕೂತು ಈ ಮೂರು ಮಾತು ಹೇಳಿ: “ನೀನು ಹೇಳಿದ್ದು ಒಳ್ಳೇದಾಯ್ತು. ನಾನು ನಂಬ್ತೀನಿ. ತಪ್ಪು ನಿಂದಲ್ಲ.” ಆಮೇಲೆ ಕೇಳಿಸಿಕೊಳ್ಳಿ. “ಆಮೇಲೇನಾಯ್ತು?” ಅನ್ನುವುದಕ್ಕಿಂತ ಹೆಚ್ಚಿನ ಪ್ರಶ್ನೆ ಬೇಡ. “ಇಲ್ಲಿ ಮುಟ್ಟಿದ್ನಾ? ಹೀಗೆ ಮಾಡಿದ್ನಾ?” ಅಂತ ಬಾಯಿಗೆ ಮಾತು ತುರುಕಬೇಡಿ. ಮಗುವಿಗೂ ಗೊಂದಲ, ಮುಂದೆ ಕೋರ್ಟಿನಲ್ಲಿ ಎದುರು ವಕೀಲರಿಗೂ ಅದೇ ಅನುಕೂಲ. ಮಗು ಹೇಳಿದ್ದನ್ನು ಅದರದೇ ಪದಗಳಲ್ಲಿ ಒಂದು ಕಡೆ ಬರೆದಿಡಿ, ದಿನಾಂಕ ಹಾಕಿ.

ಈ ಹೊತ್ತಿನಲ್ಲಿ ಮಾಡಬಾರದ್ದು: “ಯಾರಿಗೂ ಹೇಳಲ್ಲ” ಅಂತ ಆಣೆ ಇಡಬೇಡಿ, ಅದು ನಡೆಸಲಾಗದ ಮಾತು. ಆರೋಪಿಯ ಮನೆಗೆ ನುಗ್ಗಬೇಡಿ. ಅತ್ತೆ, ಅಜ್ಜಿ, ಪಕ್ಕದ ಮನೆಯವರ ಮುಂದೆ ಮತ್ತೆ ಮತ್ತೆ ಹೇಳಿಸಬೇಡಿ. ಊರ ಹಿರಿಯರನ್ನು ಕೂರಿಸಿ ರಾಜಿ ಮಾಡಿಸಲು ಹೋಗಬೇಡಿ.

ಬಟ್ಟೆ ಮತ್ತು ಸ್ನಾನ. ಘಟನೆ ಒಂದೆರಡು ದಿನದ ಒಳಗಿನದಾದರೆ ಮಗುವಿಗೆ ಸ್ನಾನ ಮಾಡಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಟ್ಟೆ ಒಗೆಯಬೇಡಿ. ಕಾಗದದ ಚೀಲದಲ್ಲಿ ಹಾಕಿ, ಪ್ಲಾಸ್ಟಿಕ್‌ನಲ್ಲಿ ತೇವ ಕೂತು ಹಾಳಾಗುತ್ತದೆ. ಈಗಾಗಲೇ ಸ್ನಾನ ಆಗಿದ್ದರೆ ಅದಕ್ಕೆ ಕೊರಗುವುದು ಬೇಡ, ಹಾಗೇ ಹೋಗಿ.

ಆಸ್ಪತ್ರೆ. ಮೊದಲು ಪೊಲೀಸ್ ಠಾಣೆಗೇ ಹೋಗಬೇಕು ಅಂತೇನಿಲ್ಲ. ಸರ್ಕಾರಿ ಇರಲಿ, ಖಾಸಗಿ ಇರಲಿ, ಪ್ರಥಮ ಚಿಕಿತ್ಸೆ ಮತ್ತು ಚಿಕಿತ್ಸೆ ತಕ್ಷಣ ಉಚಿತವಾಗಿ ಕೊಡಬೇಕು. “ಎಫ್‌ಐಆರ್ ತನ್ನಿ, ಆಮೇಲೆ ನೋಡ್ತೀವಿ” ಅನ್ನುವ ಹಾಗಿಲ್ಲ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗನೋ ಅಷ್ಟು ಒಳ್ಳೆಯದು. ಮೈಮೇಲಿನ ಸಾಕ್ಷ್ಯವನ್ನು ಸಾಮಾನ್ಯವಾಗಿ 96 ಗಂಟೆಯೊಳಗೆ ಸಂಗ್ರಹಿಸುತ್ತಾರೆ. ಅದು ಮೀರಿದರೂ ಹೋಗಿ, ಚಿಕಿತ್ಸೆಗೆ ಗಡುವಿಲ್ಲ. ಹೆಣ್ಣುಮಗುವಾದರೆ ಮಹಿಳಾ ವೈದ್ಯರೇ ಪರೀಕ್ಷೆ ಮಾಡಬೇಕು, ಮಗು ನಂಬುವವರೊಬ್ಬರು ಪಕ್ಕದಲ್ಲಿರಬೇಕು. ಯೋನಿಯೊಳಗೆ ಬೆರಳು ಹಾಕಿ ನೋಡುವ ‘ಎರಡು ಬೆರಳಿನ ಪರೀಕ್ಷೆ’ ಮಾಡುವಂತಿಲ್ಲ. ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಅಂತ ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿದೆ.

ಪೊಲೀಸ್. ಪೋಕ್ಸೊದ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಇಂಥದ್ದು ನಡೆದಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. “ಶಾಲೆಯ ಹೆಸರು ಹಾಳಾಗುತ್ತೆ, ಇಲ್ಲೇ ಮುಗಿಸೋಣ” ಅಂತ ಯಾರಾದರೂ ಅಂದರೆ ಈ ಸಾಲನ್ನು ಓದಿ ಹೇಳಿ.

ಯಾವ ಠಾಣೆಗಾದರೂ ಹೋಗಬಹುದು. ಅವರ ಸರಹದ್ದು ಅಲ್ಲದಿದ್ದರೂ ಝೀರೋ ಎಫ್‌ಐಆರ್ ಮಾಡಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಪ್ರತಿ ಉಚಿತ, ಕೇಳಿ ಪಡೆಯಿರಿ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಅದಕ್ಕೆ ಇಷ್ಟವಾದ ಜಾಗದಲ್ಲೋ ಪಡೆಯಬೇಕು. ಬರುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಮಹಿಳೆ ಆಗಿರಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಕೇಸಿನುದ್ದಕ್ಕೂ ಜೊತೆಗಿರಲು ಸಹಾಯಕ ವ್ಯಕ್ತಿಯೊಬ್ಬರನ್ನು ಸಮಿತಿಯ ಮೂಲಕ ಕೇಳಿ. ಪರಿಹಾರ ಮತ್ತು ಉಚಿತ ವಕೀಲರಿಗಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಂಖ್ಯೆ 15100.

ಮಗುವಿನ ಹೆಸರು, ಫೋಟೊ, ಶಾಲೆ, ಬೀದಿ ಯಾವುದೂ ಹೊರಗೆ ಬರಬಾರದು. ನ್ಯಾಯ ಕೇಳುವ ಆವೇಶದಲ್ಲಿ ವಾಟ್ಸಾಪ್ ಗುಂಪಿಗೆ ಹಾಕುವವರು ನಮ್ಮವರೇ ಆಗಿರುತ್ತಾರೆ. ಮೊದಲೇ ಹೇಳಿಡಿ.

ಹಂತ 8: ಆಮೇಲಿನ ವಾರಗಳು

ಮಗುವಿಗೆ ಹಳೆಯ ದಿನಚರಿ ವಾಪಸ್ ಕೊಡಿ. ಅದೇ ಸಮಯಕ್ಕೆ ಊಟ, ಅದೇ ಆಟ, ಅದೇ ಗೆಳೆಯರು. “ಪಾಪ” ಅನ್ನುವ ಪದ ಮನೆಯಲ್ಲಿ ಬೇಡ. ಅದು ಮಾತಾಡಿದರೆ ಕೇಳಿ, ಮಾತಾಡದಿದ್ದರೆ ಕೆದಕಬೇಡಿ. ನಿದ್ದೆ, ಊಟ, ಶಾಲೆ ಮೂರೂ ಕೆಟ್ಟು ಎರಡು ವಾರ ದಾಟಿದರೆ ಮಕ್ಕಳ ಆಪ್ತಸಮಾಲೋಚಕರ ಹತ್ತಿರ ಹೋಗಿ.

ಎಚ್ಚರ ಹೆಚ್ಚಾಗಿ ಮಗುವನ್ನು ಮನೆಯಲ್ಲೇ ಕೂಡಿಹಾಕುವವರಿದ್ದಾರೆ. ಡ್ಯಾನ್ಸ್ ಕ್ಲಾಸ್ ಬಂದ್, ಆಟ ಬಂದ್. ಮಗುವಿಗೆ ಅದು ಶಿಕ್ಷೆಯ ಹಾಗೆ ಕಾಣುತ್ತದೆ, ಮುಂದೆ ಏನಾದರೂ ಆದರೆ ಹೇಳುವ ಮೊದಲು ಹತ್ತು ಸಲ ಯೋಚಿಸುತ್ತದೆ.

ಇದನ್ನೆಲ್ಲ ಓದುವಾಗ ನಿಮ್ಮದೇ ಹಳೆಯ ನೆನಪೊಂದು ಮೇಲೆ ಬಂದಿರಬಹುದು. ಸಭೆ ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಹಿಂದೆ ಉಳಿದು “ನನಗೂ ಒಂದ್ಸಲ...” ಅಂತ ಶುರು ಮಾಡುವ ತಾಯಂದಿರು ಪ್ರತಿ ಊರಿನಲ್ಲೂ ಸಿಕ್ಕಿದ್ದಾರೆ. ತಂದೆಯಂದಿರೂ ಇದ್ದಾರೆ, ಕಡಿಮೆ. 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಸಹಾಯವಾಣಿ ಅದು, ಕರೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.